ಕೋಲಾರದಲ್ಲಿ ಇಳಿದುಕೊಂಡ ಒಂದು ದಿನ

ಬೆಂಗಳೂರಿನಿಂದ ತಿರುಪತಿಗೆ ಹೋಗುವವರಲ್ಲಿ ಬಹಳ ಮಂದಿಗೆ ಕೋಲಾರ ಎಂದರೆ ಬಸ್ಸಿನ ಕಿಟಕಿಯಲ್ಲಿ ಹಾದುಹೋಗುವ ಬಂಡೆಗುಡ್ಡಗಳ ಸಾಲು, ಅಷ್ಟೆ. ಈ ಊರಿನಲ್ಲೇ ಹುಟ್ಟಿ ಬೆಳೆದ ನನಗೆ ಅದೊಂದು ಹಳೆಯ ಸಂಕಟ. ಹೋದ ಜನವರಿಯಲ್ಲಿ ಶಿವಮೊಗ್ಗದಿಂದ ಬಂದಿದ್ದ ದೊಡ್ಡಮ್ಮ, "ನಿಮ್ಮೂರಿನಲ್ಲಿ ನೋಡುವಂಥದ್ದು ಏನಿದೆಯಮ್ಮ?" ಎಂದು ಕೇಳಿದಾಗ, ಮರುದಿನವೇ ಅವರನ್ನು ಹೊರಡಿಸಿದೆ. ನಮ್ಮಲ್ಲಿ ಕಾರಿಲ್ಲ. ದೊಡ್ಡಮ್ಮನಿಗೆ ಅರವತ್ತಾರು ವರ್ಷ, ಮಂಡಿನೋವು ಬೇರೆ. ಬಿಸಿಲು ಏರುವ ಮೊದಲು ಬೆಟ್ಟ, ಬಾಗಿಲು ಹಾಕುವ ಮೊದಲು ದೇವಸ್ಥಾನ ಎಂದು ಲೆಕ್ಕ ಹಾಕಿಕೊಂಡೆ.

ಏಳು ಗಂಟೆಗೆ ಬಸ್ ನಿಲ್ದಾಣದ ಬಳಿ ಆಟೋ ಹಿಡಿದು ಅಂತರಗಂಗೆಗೆ ಹೋದೆವು. ಶತಶೃಂಗ ಪರ್ವತದ ಕಲ್ಲಿನ ಮೆಟ್ಟಿಲುಗಳನ್ನು ಅವಸರಪಡದೆ, ಅಲ್ಲಲ್ಲಿ ಕುಳಿತು ಹತ್ತಿದೆವು. ಕೈಚೀಲದಲ್ಲಿ ಬಾಳೆಹಣ್ಣು ಇಟ್ಟುಕೊಳ್ಳಬೇಡಿ. ಕೋತಿಗಳಿಗೆ ವಾಸನೆ ಸಿಕ್ಕರೆ ಚೀಲವೇ ಹೋಗುತ್ತದೆ. ಮೇಲೆ ಕಾಶಿ ವಿಶ್ವೇಶ್ವರನ ಗುಡಿ, ಕಲ್ಯಾಣಿ, ಕಲ್ಲಿನ ಬಸವನ ಬಾಯಿಂದ ಬೀಳುವ ನೀರು. ಕೆರೆಗಳು ಒಣಗಿದ ವರ್ಷಗಳನ್ನು ಕಂಡ ಜಿಲ್ಲೆಯಿದು. ಇಲ್ಲಿ ಬಂಡೆಯೊಳಗಿಂದ ಬರುವ ನೀರಿಗೆ ಕೈಯೊಡ್ಡುವಾಗ ನನಗೆ ಈಗಲೂ ಗಂಟಲು ತುಂಬಿ ಬರುತ್ತದೆ.

ಹತ್ತರ ಹೊತ್ತಿಗೆ ಕೋಲಾರಮ್ಮನ ಗುಡಿಯಲ್ಲಿದ್ದೆವು. ಇಲ್ಲಿ ಒಂದೂವರೆ ಗಂಟೆಯಾದರೂ ಬೇಕು. ತಲಕಾಡಿಗೆ ಹೋಗುವ ಮೊದಲು ಗಂಗರು ಆಳಿದ್ದು ಇದೇ ಊರಿನಿಂದ. ಆಗ ಇದು ಕುವಳಾಲಪುರ. ಆಮೇಲೆ ಚೋಳರು ಬಂದರು. ಗುಡಿಯ ಗೋಡೆಗಳ ಮೇಲೆ ಹನ್ನೊಂದನೆಯ ಶತಮಾನದ, ರಾಜೇಂದ್ರ ಚೋಳನ ಕಾಲದ ತಮಿಳು ಶಾಸನಗಳಿವೆ. ಚಿಕ್ಕಂದಿನಿಂದ ಆ ಗೋಡೆಯ ಪಕ್ಕ ಓಡಾಡಿದ್ದರೂ ಒಂದಕ್ಷರವೂ ನನಗೆ ಗೊತ್ತಿರಲಿಲ್ಲ. ದೊಡ್ಡಪ್ಪನ ಕೆಲಸದ ಕಾರಣ ಇಪ್ಪತ್ತು ವರ್ಷ ಸೇಲಂನಲ್ಲಿದ್ದ ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಗೋಡೆಗೆ ಹತ್ತಿರವಾದರು. ಅಕ್ಷರಗಳ ರೂಪ ಈಗಿನದಲ್ಲ. ಆದರೂ "ಇದು ಕ ಇರಬೇಕು, ಇದು ತ" ಎನ್ನುತ್ತಾ ಕಲ್ಲನ್ನು ಮುಟ್ಟದೆ, ಗಾಳಿಯಲ್ಲೇ ಬೆರಳಾಡಿಸಿ ನಾಲ್ಕೈದನ್ನು ಗುರುತು ಹಿಡಿದರು. ಒಂದು ಸಾಲೂ ಓದಲಾಗಲಿಲ್ಲ. ಆದರೆ ನನ್ನ ಊರಿನ ಗೋಡೆ ಮೊದಲ ಸಲ ಮಾತಿಗೆ ಬಾಯಿ ತೆರೆದಂತಾಯಿತು. ಒಳಗೆ ಚೇಳಮ್ಮನ ಸನ್ನಿಧಿಯಿದೆ. ಅವಳಿಗೆ ನಡೆದುಕೊಂಡರೆ ಚೇಳಿನ ಕಾಟವಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಅಲ್ಲಿನ ಹುಂಡಿ ನೆಲದಲ್ಲೇ ಇರುವ ಕುಳಿ. ದೊಡ್ಡಮ್ಮ ಐದು ರೂಪಾಯಿಯ ನಾಣ್ಯ ಹಾಕಿ, ಅದು ಬಿದ್ದ ಸದ್ದಿಗೆ ಕಿವಿಗೊಟ್ಟು ನಿಂತರು.

ಸೋಮೇಶ್ವರ ದೇವಸ್ಥಾನವೂ ಪೇಟೆಯೊಳಗೇ ಇದೆ. ವಿಜಯನಗರ ಕಾಲದ ಗೋಪುರ ದೊಡ್ಡದು, ನಿಜ. ಸಮಯ ಕಡಿಮೆಯಿದ್ದರೆ ಕಲ್ಯಾಣ ಮಂಟಪದ ಕಂಬಗಳನ್ನು ಮೊದಲು ನೋಡಿ ಎಂಬುದು ನನ್ನ ಸಲಹೆ.

ಊಟಕ್ಕೆ ಒಂದು ಸಣ್ಣ ಮೆಸ್ಸಿನಲ್ಲಿ ರಾಗಿ ಮುದ್ದೆ, ಹಿತಕಿದ ಅವರೇಬೇಳೆ ಸಾರು. ಅವರೆಕಾಯಿಯ ಕಾಲದಲ್ಲಿ ಬಂದು ಇದನ್ನು ಉಣ್ಣದೆ ಹೋಗಬಾರದು. ದೊಡ್ಡಮ್ಮ ಮುದ್ದೆಯನ್ನು ಅಗಿಯಲು ಹೊರಟಾಗ, ಪಕ್ಕದಲ್ಲಿ ಕುಳಿತಿದ್ದ ರೈತರೊಬ್ಬರು "ನುಂಗಿಬಿಡಿ ತಾಯಿ" ಎಂದು ಹೇಳಿಕೊಟ್ಟರು.

ಅಲ್ಲಿಂದ ಮುಳಬಾಗಿಲು ಸುಮಾರು 30 ಕಿಲೋಮೀಟರ್. ಮೊದಲು ಬಂದದ್ದು ತಿರುಪತಿಯ ಬಸ್, ಅದನ್ನು ಬಿಟ್ಟೆವು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಅಂತರರಾಜ್ಯ ಬಸ್ಸುಗಳಿಗೆ ಅನ್ವಯಿಸುವುದಿಲ್ಲ. ಮುಳಬಾಗಿಲಿಗಷ್ಟೇ ಹೋಗುವ ಸಾರಿಗೆ ಬಸ್ಸಿಗೆ ಇಪ್ಪತ್ತು ನಿಮಿಷ ಕಾದು, ಆಧಾರ್ ತೋರಿಸಿ ಕುಳಿತೆವು.

ಮುಳಬಾಗಿಲಿನಿಂದ ಕುರುಡುಮಲೆಗೆ ಹೋಗಿ ಕಾದು ವಾಪಸು ಕರೆತರಲು ಆಟೋದವರೊಂದಿಗೆ ಮೊದಲೇ ಮಾತಾಡಿಕೊಳ್ಳಿ. ಅಲ್ಲಿ ಸಂಜೆ ಬೇರೆ ಆಟೋ ಸಿಗುವುದು ಕಷ್ಟ. 13 ಅಡಿಗೂ ಮಿಕ್ಕ ಏಕಶಿಲೆಯ ಗಣಪತಿಯ ಎದುರು ದೊಡ್ಡಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಹತ್ತಿರದ ಸೋಮೇಶ್ವರ ಗುಡಿಯಲ್ಲಿ ಅರ್ಧ ಕೆಲಸ ಜಕಣಾಚಾರಿಯದು, ಉಳಿದರ್ಧ ಮಗ ಡಂಕಣನದು ಎಂಬ ಕಥೆ ಹೇಳಿದೆ. ಯಾವ ಕಡೆ ಯಾರದೆಂದು ಅವರು ಎರಡು ಸುತ್ತು ಹಾಕಿ ಹುಡುಕಿದರು. ಮಂಡಿನೋವಿನ ಮಾತೇ ಬರಲಿಲ್ಲ.

ಆರು ಗಂಟೆಗೆ ಮುಳಬಾಗಿಲು ಪೇಟೆಯಲ್ಲಿ ದೋಸೆ. ಈ ದೋಸೆ ದಪ್ಪ. ತಳ ಹೊಂಬಣ್ಣಕ್ಕೆ ಗರಿಗರಿ, ಒಳಗೆ ಹತ್ತಿಯಂತೆ ಮೆದು. ಕೆಂಪು ಚಟ್ನಿ ಸವರಿ, ಆಲೂಗಡ್ಡೆ ಪಲ್ಯ ಇಟ್ಟು ಕೊಡುತ್ತಾರೆ. ಕಟ್ಟಿಸಿಕೊಂಡು ಹೋದರೆ ಗರಿ ಹೋಗುತ್ತದೆ. ಹಂಚಿನ ಮುಂದೆ ನಿಂತೇ ತಿನ್ನಬೇಕು. ದೊಡ್ಡಮ್ಮ ಎರಡನೆಯದನ್ನು ತಾವೇ ಕೇಳಿ ಹಾಕಿಸಿಕೊಂಡರು. ಕೋಲಾರದ ಬಸ್ಸಿನಲ್ಲಿ ಕುಳಿತ ಮೇಲೆ, "ನಾಳೆ ಆ ಗೋಡೆಯ ಹತ್ತಿರ ಇನ್ನೊಮ್ಮೆ ಹೋಗೋಣವೇ?" ಎಂದು ಕೇಳಿದರು.