ದುಬೈಗೆ ಹೊಸದಾಗಿ ಬಂದ ಬಳ್ಳಾರಿ-ರಾಯಚೂರು ಕಡೆಯ ಸಭೆಯವರಿಗೆ

ಬಳ್ಳಾರಿ, ಸಿಂಧನೂರು, ಗಂಗಾವತಿ ಕಡೆಯಿಂದ ಬಂದವರು ಮೊದಲ ವಾರ ಕೇಳುವುದು ಒಂದೇ: "ಅಣ್ಣಾ, ಇಲ್ಲಿ ಚರ್ಚ್ ಇದೆಯಾ?" ಇದೆ. ಊದ್ ಮೇಥಾದಲ್ಲಿ ಸೇಂಟ್ ಮೇರಿಸ್ ಇದೆ, ಹೋಲಿ ಟ್ರಿನಿಟಿ ಇದೆ. ಭಾನುವಾರ ರಜೆ ಸಿಗದಿದ್ದರೆ ಶುಕ್ರವಾರವೂ ಆರಾಧನೆ ಇರುತ್ತದೆ. ಹೋಲಿ ಟ್ರಿನಿಟಿಯ ಒಂದೇ ಆವರಣದಲ್ಲಿ ಹತ್ತಾರು ಭಾಷೆಯ ಸಭೆಗಳು ಸೇರುತ್ತವೆ. ಬಾಗಿಲು ತಪ್ಪಿದರೆ ಗಾಬರಿ ಬೇಡ. ನಾನೂ ಮೊದಲ ಸಲ ಅರ್ಧ ಗಂಟೆ ಯಾವುದೋ ಭಾಷೆಯ ಕೀರ್ತನೆಗೆ ಚಪ್ಪಾಳೆ ತಟ್ಟಿ ಬಂದವನೇ.

ರೂಮಿನಲ್ಲಿ ದೊಡ್ಡ ಪ್ರಾರ್ಥನಾ ಕೂಟ ಬೇಡ. ಬೀದಿಯಲ್ಲಿ ಕರಪತ್ರ ಬೇಡವೇ ಬೇಡ. ಅನುಮತಿ ಇಲ್ಲದೆ ವಾಟ್ಸಾಪ್‌ನಲ್ಲಿ ದುಡ್ಡು ಎತ್ತುವುದು ಇಲ್ಲಿ ಅಪರಾಧ, ಒಳ್ಳೆಯ ಕೆಲಸಕ್ಕಾದರೂ ಅಷ್ಟೇ.

ಕೂಟದಲ್ಲಿ ಸಾಕ್ಷಿ, ಅಂದರೆ ದೇವರು ತಮ್ಮ ಬದುಕು ಬದಲಿಸಿದ ಕಥೆ, ಹೇಳುವವರು ಬಹಳ. ನಾನು ನಂಬಿದ್ದು ಮಾತ್ರ ಒಂದು ನೋಟ್‌ಬುಕ್ ನೋಡಿ. ನನ್ನ ರೂಮಿನಲ್ಲಿದ್ದವನು ಸಿಂಧನೂರು ಕಡೆಯವನು, ಟೈಲ್ಸ್ ಕೆಲಸ. ಸಂಬಳ ಬಂದ ವಾರವೇ ಕುಡಿತ, ಇಸ್ಪೀಟಿಗೆ ಖಾಲಿ. ನನಗೂ 300 ದಿರ್ಹಮ್ ಕೊಡಬೇಕಿತ್ತು, ನಾನು ಆಸೆ ಬಿಟ್ಟಿದ್ದೆ. ಒಂದು ದಿನ ಬೈಬಲ್‌ನ ಜಕ್ಕಾಯನ ಮೇಲಿನ ಪ್ರಸಂಗ ಕೇಳಿ ಬಂದ. ಮೋಸದಿಂದ ತಗೊಂಡಿದ್ದನ್ನು ನಾಲ್ಕರಷ್ಟು ಕೊಡ್ತೀನಿ ಅಂದ ಸುಂಕದವನ ಕಥೆ, ಗೊತ್ತಲ್ವಾ? ಆ ರಾತ್ರಿ ನೋಟ್‌ಬುಕ್ ತೆಗೆದು ಸಾಲ ಕೊಟ್ಟವರ ಹೆಸರು ಬರೆದ. 16 ಹೆಸರು. "ನಾಲ್ಕರಷ್ಟು ನನ್ನ ಕೈಲಾಗಲ್ಲ ಅಣ್ಣ, ಅಸಲು ಕೊಡ್ತೀನಿ" ಅಂದ. ತಿಂಗಳಿಗೆ 50, 100. ತೀರಿದ ಹೆಸರಿನ ಮೇಲೆ ಸ್ಕೇಲ್ ಇಟ್ಟು ಗೀಟು. ನಡುವೆ ಎರಡು ಸಲ ಮತ್ತೆ ಕುಡಿದ, ಅದನ್ನು ಮುಚ್ಚಿಡಬಾರದು. ಆಗ ಸಭೆಯವರು ಸುಮ್ನೆ ಬೈದು ಹೋಗಲಿಲ್ಲ. ಡ್ಯೂಟಿ ಮುಗಿಸಿ ಸಂಜೆ ಸಂಜೆ ಒಬ್ಬೊಬ್ಬರಾಗಿ ಬಂದು ಅವನ ಜೊತೆ ಕೂತರು.

ಇನ್ನೊಂದು. ನಮ್ಮವರಿಗೆ ಮಾತ್ರ ಸಹಾಯ ಅನ್ನುವ ಲೆಕ್ಕ ಇಟ್ಟುಕೊಳ್ಳಬೇಡಿ. ಲಂಡನ್ ಮಿಷನ್‌ನ ಪಾದ್ರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು, ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೂತರು. ಆದರೆ ಅದೇ ಮಿಷನ್ 1846ರಲ್ಲಿ ಶುರು ಮಾಡಿದ ವಾರ್ಡ್ಲಾ ಶಾಲೆಯಲ್ಲಿ ಓದಿ ಮುಂದೆ ಬಂದವರಲ್ಲಿ ಚರ್ಚಿಗೆ ಹೋಗದವರೇ ಜಾಸ್ತಿ. ಇಲ್ಲೂ ಹಾಗೇ ಇರಲಿ. ಕೊಪ್ಪಳದ ಹುಡುಗನೊಬ್ಬ ಕಾಲು ಮುರಿದುಕೊಂಡಾಗ ಸಭೆಯವರು ಪಾಳಿ ಹಾಕಿಕೊಂಡು ಆಸ್ಪತ್ರೆಯಲ್ಲಿ ಕೂತರು. ಅವನು ಅಂಜನಾದ್ರಿ ಹನುಮನ ಭಕ್ತ, ಶನಿವಾರದ ಒಪ್ಪತ್ತು ಈಗಲೂ ಬಿಟ್ಟಿಲ್ಲ. ನಮ್ಮ ಕ್ರಿಸ್‌ಮಸ್‌ಗೆ ಮಿರ್ಚಿ ಕರಿಯುವುದು ಅವನೇ. ಹಿಟ್ಟಿಗೆ ಸೋಡಾ ಎಷ್ಟು ಅಂತ ಬೇರೆಯವರು ಬಾಯಿ ಹಾಕುವ ಹಾಗಿಲ್ಲ.