ಬ್ರಿಟನ್‌ನಲ್ಲಿ ಬಸುರಿಯಾಗಿರುವಾಗಲೇ ಹೊಸ ಹುದ್ದೆಗೆ ಸೇರುವುದಾದರೆ

ಹೊಸ ಕಂಪನಿಯಿಂದ ಟೀಮ್ ಹೆಡ್ ಹುದ್ದೆಯ ಆಫರ್ ಬಂದಾಗ ನನಗೆ ಹನ್ನೊಂದನೇ ವಾರ. ಖುಷಿಯ ಜೊತೆಗೇ ಹೆದರಿಕೆಯೂ ಬಂತು. ಈಗಲೇ ಹೇಳಲಾ, ಸೇರಿದ ಮೇಲೆ ಹೇಳಲಾ? ಕೇಳಿದವರೆಲ್ಲ ಒಬ್ಬೊಬ್ಬರು ಒಂದೊಂದು ಹೇಳಿದರು. ಕೊನೆಗೆ ನಾನೇ ಕೂತು ನಿಯಮಗಳನ್ನು ಓದಿದೆ.

ಹೇಳಲೇಬೇಕು ಅಂತ ಏನೂ ಇಲ್ಲ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮೂರಕ್ಕೂ 2010ರ ಈಕ್ವಾಲಿಟಿ ಆಕ್ಟ್, ಅಂದರೆ ಸಮಾನತೆಯ ಕಾಯ್ದೆ, ಅನ್ವಯಿಸುತ್ತದೆ. ಬಸುರಿ ಅನ್ನುವ ಕಾರಣಕ್ಕೆ ಕೆಲಸ ನಿರಾಕರಿಸುವಂತಿಲ್ಲ, ಕೊಟ್ಟ ಆಫರ್ ವಾಪಸ್ ಪಡೆಯುವಂತಿಲ್ಲ, ಪ್ರೊಬೇಷನ್ ನೆಪ ಹೇಳಿ ತೆಗೆಯುವಂತಿಲ್ಲ. ಮೊದಲ ದಿನದಿಂದಲೇ ಈ ರಕ್ಷಣೆ ಇದೆ. ರಜೆ ಬೇಕಾದರೆ ಹೆರಿಗೆಯ ವಾರಕ್ಕೆ 15 ವಾರ ಇರುವಾಗಲಾದರೂ ತಿಳಿಸಬೇಕು, ಅಷ್ಟೆ.

ನಮ್ಮವರು ಎಡವುವುದು ದುಡ್ಡಿನ ಲೆಕ್ಕದಲ್ಲಿ. ರಜೆ ಬೇರೆ, ರಜೆಯ ಸಂಬಳ ಬೇರೆ. 52 ವಾರಗಳ ಮೆಟರ್ನಿಟಿ ರಜೆ ನಿನ್ನೆ ಸೇರಿದವರಿಗೂ ಇದೆ. ಆದರೆ ಕಾನೂನಿನ ಪ್ರಕಾರ ಕಂಪನಿ ಕೊಡಲೇಬೇಕಾದ ರಜೆ ಸಂಬಳ, ಅಂದರೆ ಸ್ಟ್ಯಾಚುಟರಿ ಮೆಟರ್ನಿಟಿ ಪೇ ಸಿಗಬೇಕಾದರೆ, ಹೆರಿಗೆಗೆ 15 ವಾರ ಇರುವ ಹೊತ್ತಿಗೆ ಅದೇ ಕಂಪನಿಯಲ್ಲಿ 26 ವಾರ ಸತತವಾಗಿ ಕೆಲಸ ಮಾಡಿರಬೇಕು. ಬೆರಳು ಮಡಚಿ ಎಣಿಸಿ ನೋಡಿ. ಗರ್ಭ ನಿಲ್ಲುವ ಹೊತ್ತಿಗೇ ನೀವು ಅಲ್ಲಿರಬೇಕಿತ್ತು ಅಂತಾಯಿತು, ಅಲ್ವಾ? ಬಸುರಿ ಅಂತ ಗೊತ್ತಾದ ಮೇಲೆ ಸೇರಿದವರಿಗೆ ಅದು ಬರುವುದಿಲ್ಲ.

ಅದರ ಬದಲು ಸರ್ಕಾರವೇ ಕೊಡುವ ಮೆಟರ್ನಿಟಿ ಅಲೋವೆನ್ಸ್ ಇದೆ. ಹೆರಿಗೆಯ ವಾರಕ್ಕೆ ಹಿಂದಿನ 66 ವಾರಗಳಲ್ಲಿ 26 ವಾರ ಇಲ್ಲಿ ಕೆಲಸ ಮಾಡಿರಬೇಕು, 13 ವಾರವಾದರೂ ವಾರಕ್ಕೆ 30 ಪೌಂಡ್ ಅಥವಾ ಹೆಚ್ಚು ದುಡಿದಿರಬೇಕು. ವಾರಗಳು ಬಿಡಿಬಿಡಿಯಾಗಿದ್ದರೂ ನಡೆಯುತ್ತದೆ, ಹಳೆಯ ಕಂಪನಿಯವೂ ಲೆಕ್ಕಕ್ಕೆ ಬರುತ್ತವೆ. 39 ವಾರದವರೆಗೆ ಸಿಗುತ್ತದೆ. 2025–26ರಲ್ಲಿ ವಾರಕ್ಕೆ 187.18 ಪೌಂಡ್ ಅಥವಾ ಸರಾಸರಿ ಗಳಿಕೆಯ ಶೇ 90, ಯಾವುದು ಕಡಿಮೆಯೋ ಅದು. ತೆರಿಗೆ ಇಲ್ಲ. ಸ್ಟ್ಯಾಚುಟರಿ ಪೇ ಆಗಿದ್ದರೆ ಮೊದಲ 6 ವಾರ ಸಂಬಳದ ಶೇ 90 ಪೂರ್ತಿ ಬರುತ್ತಿತ್ತು. ದೊಡ್ಡ ಹುದ್ದೆಯವರಿಗೆ ಈ ವ್ಯತ್ಯಾಸ ಜಾಸ್ತಿಯೇ ತಟ್ಟುತ್ತದೆ.

ಹಾಗಾಗಿ ನಾನು ಆಫರ್ ಬಂದ ಮೇಲೆ, ಸಹಿ ಹಾಕುವ ಮೊದಲು ಹೇಳಿದೆ. ಅನೇಕ ಕಂಪನಿಗಳು ಸರ್ಕಾರಿ ಮೊತ್ತಕ್ಕಿಂತ ಹೆಚ್ಚು ಕೊಡುತ್ತವೆ, ಆದರೆ ಇಷ್ಟು ತಿಂಗಳು ಕೆಲಸ ಮಾಡಿರಬೇಕು ಅಂತ ಷರತ್ತು ಇಡುತ್ತವೆ. ಅದು ಕಂಪನಿಯ ನಿಯಮ, ಸರ್ಕಾರದ್ದಲ್ಲ. ಕೇಳಿದರೆ ಸಡಿಲಿಸಬಹುದು. ನನಗೆ ಒಂದು ವರ್ಷದ ಷರತ್ತನ್ನು ಬಿಟ್ಟುಕೊಟ್ಟರು, ಕಾಂಟ್ರಾಕ್ಟ್‌ನಲ್ಲೇ ಬರೆದುಕೊಟ್ಟರು. ಬಾಯಿಮಾತಲ್ಲಿ ಒಪ್ಪಿದ್ದರೆ ಸಾಲದು, ಕಾಗದದಲ್ಲಿ ಬರಲಿ. ಕಂಪನಿಯ ಮೇಲೆ ನಿಮಗೆ ಅಷ್ಟು ನಂಬಿಕೆ ಇಲ್ಲದಿದ್ದರೆ ಮೊದಲು ಸಹಿ ಹಾಕಿ, ಆಮೇಲೆ ಹೇಳಿ. ಅದರಲ್ಲಿ ತಪ್ಪೇನಿಲ್ಲ.

ಸ್ಕಿಲ್ಡ್ ವರ್ಕರ್ ವೀಸಾದವರು, ಅಂದರೆ ಕಂಪನಿಯ ಪ್ರಾಯೋಜಕತ್ವದಲ್ಲಿ ಕೆಲಸಕ್ಕೆ ಬಂದವರು, ಒಂದು ಮಾತು ತಿಳಿದಿರಿ. ಮೆಟರ್ನಿಟಿ ರಜೆಯಲ್ಲಿ ಸಂಬಳ ಕಡಿಮೆಯಾದರೆ ವೀಸಾಗೆ ತೊಂದರೆ ಇಲ್ಲ. ವೀಸಾದ ಷರತ್ತಿನಲ್ಲಿರುವ ಪಬ್ಲಿಕ್ ಫಂಡ್ಸ್ (ಕೆಲವು ಸರ್ಕಾರಿ ನೆರವುಗಳ) ನಿಷೇಧದಲ್ಲಿ ಮೆಟರ್ನಿಟಿ ಅಲೋವೆನ್ಸ್ ಸೇರಿಲ್ಲ. ಸುಮ್ನೆ ಹೆದರಿ ಬಿಟ್ಟುಬಿಡಬೇಡಿ. ಆದರೆ ಮಕ್ಕಳಿಗಾಗಿ ಸರ್ಕಾರ ಕೊಡುವ ಚೈಲ್ಡ್ ಬೆನಿಫಿಟ್ ಆ ನಿಷೇಧದ ಪಟ್ಟಿಯಲ್ಲಿದೆ, ಅದಕ್ಕೆ ಅರ್ಜಿ ಹಾಕುವ ಮೊದಲು ವಿಚಾರಿಸಿ. ಮೆಟರ್ನಿಟಿ ಅಲೋವೆನ್ಸ್‌ಗೆ ಬಸುರಿನ 26ನೇ ವಾರದಿಂದ ಎಂಎ1 ಅನ್ನುವ ಅರ್ಜಿ ಫಾರ್ಮ್ ಹಾಕಬಹುದು. ಸ್ಟ್ಯಾಚುಟರಿ ಪೇ ಯಾಕೆ ಸಿಗುವುದಿಲ್ಲ ಅಂತ ಕಂಪನಿ ಬರೆದುಕೊಡುವ ಎಸ್‌ಎಂಪಿ1, ಹೆರಿಗೆಯ ದಿನ ತಿಳಿಸಿ ಮಿಡ್‌ವೈಫ್ (ಸೂಲಗಿತ್ತಿ ನರ್ಸ್) ಕೊಡುವ ಮ್ಯಾಟ್ ಬಿ1 ಕೇಳಿ ಪಡೆಯಿರಿ. ಮ್ಯಾಟ್ ಬಿ1 ಸಿಗುವುದು 20 ವಾರ ಆದ ಮೇಲೆ.

ಇನ್ನು ಕೆಲಸದ ಮಾತು. ಹೊಸಬಳು, ಮುಖ್ಯಸ್ಥೆ ಬೇರೆ. ಎಲ್ಲರಿಗಿಂತ ಹೆಚ್ಚು ದುಡಿದು ತೋರಿಸಬೇಕು ಅಂತ ನಾನು ಶುರುವಿನಲ್ಲಿ ಸ್ಕ್ಯಾನ್‌ಗಳನ್ನೂ ಊಟದ ಬಿಡುವಿಗೆ ಹೊಂದಿಸಿಕೊಳ್ಳಲು ನೋಡಿದೆ. ನನ್ನ ಮ್ಯಾನೇಜರ್ ಅದನ್ನು ಗಮನಿಸಿ, "ಕ್ಯಾಲೆಂಡರ್‌ನಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಿ, ನಿಮ್ಮ ಟೀಮಿನವರಿಗೂ ಧೈರ್ಯ ಬರುತ್ತದೆ" ಅಂದರು. ತಪಾಸಣೆಗೆ ಸಂಬಳ ಸಹಿತ ಬಿಡುವು ಇಲ್ಲಿ ಹಕ್ಕು, ಯಾರೂ ಮಾಡುವ ಉಪಕಾರವಲ್ಲ. ಆಮೇಲೆ ನಾನು ಮಾಡಿದ ಮೊದಲ ಕೆಲಸ, ನಾನಿಲ್ಲದಾಗ ಯಾವ ತೀರ್ಮಾನ ಯಾರದ್ದು ಅಂತ ಬರೆದಿಟ್ಟಿದ್ದು. ನನ್ನ ಜಾಗಕ್ಕೆ ತಾತ್ಕಾಲಿಕವಾಗಿ ಬರುವವರ ಇಂಟರ್‌ವ್ಯೂನಲ್ಲೂ ಕೂತೆ. ಅವರು ರಜೆಗೆ ನಾಲ್ಕು ವಾರ ಮುಂಚೆ ಸೇರಿದ್ದರಿಂದ ನಿಶ್ಚಿಂತೆಯಾಗಿ ಹೊರಟೆ.

ರಜೆಯಲ್ಲಿರುವಾಗ 10 ದಿನದವರೆಗೆ ಕೆಲಸಕ್ಕೆ ಹೋಗಿಬರಬಹುದು, ಇದಕ್ಕೆ ಕೀಪಿಂಗ್ ಇನ್ ಟಚ್ ದಿನ ಅನ್ನುತ್ತಾರೆ. ಎರಡೂ ಕಡೆಯವರು ಒಪ್ಪಿದರೆ ಮಾತ್ರ. ವಾಪಸಾಗುವ ದಿನ ಬದಲಿಸಬೇಕಾದರೆ 8 ವಾರ ಮೊದಲು ತಿಳಿಸಿ. ಇನ್ನೊಂದು, ಮೆಟರ್ನಿಟಿ ರಜೆಯಲ್ಲಿದ್ದಾಗಲೂ ನಿಮ್ಮ ವಾರ್ಷಿಕ ರಜೆ ಕೂಡುತ್ತಲೇ ಇರುತ್ತದೆ. ಅದನ್ನು ಉಳಿಸಿಟ್ಟುಕೊಂಡು ಮರಳಿ ಸೇರಿದ ಮೊದಲ ತಿಂಗಳುಗಳಲ್ಲಿ ಪ್ರತಿ ಶುಕ್ರವಾರ ನಾನು ಮಗುವಿನ ಜೊತೆ ಮನೆಯಲ್ಲೇ ಇದ್ದೆ.