ಅಜ್ಜ ಮೊಮ್ಮಗ ಇಬ್ಬರೂ ಬಸಪ್ಪ: ಮನೆತನದ ಕಾಗದ ಜೋಡಿಸಿದ ಬಗೆ

ನಮ್ಮ ಧಾರವಾಡದ ಕಡೆ ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿ. ಬಸಪ್ಪ ಕಲ್ಲಪ್ಪ, ಕಲ್ಲಪ್ಪ ಬಸಪ್ಪ, ಮತ್ತೆ ಬಸಪ್ಪ ಕಲ್ಲಪ್ಪ ಎಂದು ಅದೇ ಹೆಸರು ತಿರುತಿರುಗಿ ಬರುತ್ತದೆ. ಹೆಸರಿನ ಮೇಲೆ ಫೈಲು ಮಾಡಿದರೆ ಅಜ್ಜನ ಖರೀದಿ ಪತ್ರ ಮೊಮ್ಮಗನ ಫೈಲು ಸೇರುತ್ತದೆ. ಅದಕ್ಕೇ ಟ್ರಂಕಿನೊಳಗಿನ ಗಂಟು ಬಿಚ್ಚುವ ಮೊದಲು ನಾನು ಮನುಷ್ಯರಿಗೆ ನಂಬರು ಕೊಟ್ಟೆ.

ಮೂಲಪುರುಷ 1, ಮಕ್ಕಳು 1.1, 1.2 ಎನ್ನುವ ಪದ್ಧತಿ ಬೇಡ. ನಾಳೆ ಆ ಮೂಲಪುರುಷನ ತಂದೆಯ ಹೆಸರು ಸಿಕ್ಕರೆ ಎಲ್ಲ ನಂಬರೂ ತಿದ್ದಬೇಕಾಗುತ್ತದೆ. ಮನೆಯವರ ಹೆಸರು ಬರೆಯಲು ಒಂದು ವಹಿ (ದಪ್ಪ ನೋಟುಪುಸ್ತಕ) ಇಟ್ಟು, ಅದರಲ್ಲಿ ಬರೆದ ಸರದಿಯಂತೆ 1, 2, 3 ಎಂದರೆ ಸಾಕು. ಒಬ್ಬರಿಗೆ ಒಂದು ಪುಟ. ಅದರಲ್ಲಿ ತಂದೆಯ ನಂಬರು, ತಾಯಿಯ ನಂಬರು, ಕರೆಯುವ ಹೆಸರು, ಅಡ್ಡಹೆಸರು. ಹೆಣ್ಣುಮಕ್ಕಳ ತವರಿನ ಹೆಸರು, ಗಂಡನ ಮನೆಯ ಹೆಸರು ಎರಡೂ ಒಂದೇ ಪುಟದಲ್ಲಿರಬೇಕು, ಇಲ್ಲವಾದರೆ ಒಬ್ಬಳೇ ಇಬ್ಬರಾಗುತ್ತಾಳೆ. ದತ್ತಕ ಹೋದವನಿಗೆ ಹೆತ್ತ ತಂದೆ, ಸಾಕು ತಂದೆ ಇಬ್ಬರ ನಂಬರೂ ಬರೆಯಿರಿ.

ಕಾಗದಗಳಿಗೆ ಬೇರೆ ನಂಬರು: ದ-1, ದ-2 (ದ ಎಂದರೆ ದಾಖಲೆ). ಹಿಂಬದಿಯ ಮೂಲೆಯಲ್ಲಿ ಮೆತ್ತನೆ ಪೆನ್ಸಿಲ್‌ನಿಂದ, ಹಗುರವಾಗಿ. ಒಂದು ವಾಟ್ನಿ (ಆಸ್ತಿ ಪಾಲಿನ) ಪತ್ರದಲ್ಲಿ ಎಂಟು ಜನರ ಹೆಸರಿರುತ್ತದೆ, ಅದನ್ನು ಯಾರ ಫೈಲಿಗೆ ಹಾಕುವುದು? ಆದ್ದರಿಂದ ಕಾಗದಗಳು ನಂಬರಿನ ಸರದಿಯಲ್ಲೇ ಇರಲಿ, ಆ ಎಂಟೂ ಪುಟಗಳಲ್ಲಿ ದ-14 ಎಂದು ಬರೆದರಾಯಿತು.

ಯಾವ ಬಸಪ್ಪ ಎಂದು ತಿಳಿಯದಿದ್ದಾಗ ಸರ್ವೆ ನಂಬರು ಹಿಡಿಯಿರಿ. 112ನೇ ನಂಬರಿನ ಹೊಲ ವಾಟ್ನಿಯಲ್ಲಿ 112/1, 112/2 ಎಂದು ಒಡೆದಿದ್ದರೆ, ಬರೀ 112 ಎಂದಿರುವ ಉತಾರ (ಹೊಲದ ಪಹಣಿ) ಬಹುಮಟ್ಟಿಗೆ ಅದಕ್ಕೂ ಹಿಂದಿನದು. ವಾರಸಾ ದಾಖಲೆಯಲ್ಲಂತೂ ತೀರಿಕೊಂಡವರ ಹೆಸರೂ ವಾರಸುದಾರರ ಹೆಸರೂ ಒಂದೇ ಕಡೆ ಸಿಗುತ್ತವೆ. ನನ್ನ ಮಟ್ಟಿಗೆ ಅದಕ್ಕಿಂತ ಬೆಲೆಯುಳ್ಳ ಕಾಗದ ಮತ್ತೊಂದಿಲ್ಲ.

ಜಾತಕದಲ್ಲಿ ಶಕೆ ಇದ್ದರೆ 78 ಕೂಡಿಸಿ. ಶಕೆ 1850, ವಿಭವ ಸಂವತ್ಸರ ಎಂದರೆ 1928. ಆದರೆ ಮಾಘ, ಫಾಲ್ಗುಣದಲ್ಲಿ ಹುಟ್ಟಿದವರಿಗೆ 79 ಕೂಡಿಸಬೇಕು, ಅಷ್ಟರಲ್ಲಿ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ. ಬರೀ ಸಂವತ್ಸರದ ಹೆಸರಿದ್ದರೆ 60 ವರ್ಷ ತಪ್ಪುವ ಸಂಭವವುಂಟು, ವಿಭವ 1988ರಲ್ಲೂ ಬಂದಿದೆ. ಮೂಲದಲ್ಲಿದ್ದದ್ದನ್ನು ಹಾಗೇ ಬರೆದು, ಲೆಕ್ಕ ಹಾಕಿದ್ದನ್ನು ಪಕ್ಕದಲ್ಲಿ ಬರೆಯಿರಿ. ಊರಿನ ವಿಷಯದಲ್ಲೂ ಹಾಗೆಯೇ. ಗದಗ, ಹಾವೇರಿ ಬೇರೆ ಜಿಲ್ಲೆಗಳಾದದ್ದು 1997ರಲ್ಲಿ, ಅದಕ್ಕೂ ಹಿಂದಿನ ಕಾಗದದಲ್ಲಿ ಜಿಲ್ಲಾ ಧಾರವಾಡ ಎಂದೇ ಇರುತ್ತದೆ. ಆದರೆ ಸ್ವಾತಂತ್ರ್ಯಕ್ಕೂ ಮೊದಲು ಕುಂದಗೋಳ ಜಮಖಂಡಿ ಸಂಸ್ಥಾನದಲ್ಲಿತ್ತು, ಸವಣೂರಿಗೆ ನವಾಬರ ಆಳಿಕೆ. ಮೋಡಿ ಲಿಪಿಯ (ಹಿಂದೆ ಮರಾಠಿ ಬರೆಯುತ್ತಿದ್ದ ಕೂಡುಬರಹದ) ಕಾಗದ ಓದಲು ಬಾರದಿದ್ದರೆ ಊಹೆಯ ಹೆಸರು ಹಾಕದೆ ಪ್ರತ್ಯೇಕ ಲಕೋಟೆಯಲ್ಲಿಡಿ.

ಛಾಪಾ ಕಾಗದ ಹರಿಯುವುದು ಮಡಿಕೆಯಲ್ಲೇ. ಬಿಡಿಸಿ, ಎರಡು ಬಿಳಿ ಹಾಳೆಗಳ ನಡುವೆ ಒಂದು ವಾರ ತೂಕ ಹೇರಿಡಿ. ಇಸ್ತ್ರಿ, ಲ್ಯಾಮಿನೇಶನ್, ಸೆಲೋಟೇಪ್ ಮೂರೂ ಬೇಡ. ಟೇಪಿನ ಅಂಟು ಹಳದಿಗಟ್ಟಿ ಅಕ್ಷರದೊಳಗೆ ಇಳಿಯುತ್ತದೆ. ತುಕ್ಕು ಹಿಡಿದ ಸ್ಟೇಪ್ಲರ್ ಪಿನ್ನನ್ನು ಎಳೆಯಬೇಡಿ, ಕಾಲು ನೆಟ್ಟಗೆ ಮಾಡಿ ಎತ್ತಿ. ದಪ್ತರಕ್ಕೆ (ಕಾಗದದ ಗಂಟಿಗೆ) ಸುತ್ತುವ ಹೊಸ ಬಟ್ಟೆಯನ್ನು ಎರಡು ಸಲ ಒಗೆದು ಗಂಜಿ ತೆಗೆಯಿರಿ, ಹುಳ ಬರುವುದೇ ಆ ಗಂಜಿಗೆ. ಟ್ರಂಕು ನೆಲಕ್ಕೆ ತಾಗದಂತೆ ಇಟ್ಟಿಗೆಯ ಮೇಲೆ, ಗೋಡೆಯಿಂದ ನಾಲ್ಕು ಬೆರಳು ದೂರ ಇರಲಿ. ಒರಲಿ (ಗೆದ್ದಲು) ಹತ್ತಿದರೆ ಮಣ್ಣಿನ ಗೆರೆ ಕಣ್ಣಿಗೆ ಬೀಳುತ್ತದೆ.

ಸ್ಕ್ಯಾನ್ ಕಾಗದಕ್ಕೆ 300, ಫೋಟೋಗೆ 600 ಡಿಪಿಐ. ಫೈಲಿನ ಹೆಸರಲ್ಲಿ ವರ್ಷ ಮೊದಲು ಬರಲಿ: 1934-05-ದ14. ವಹಿಯನ್ನು ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ ಟೈಪ್ ಮಾಡಿದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಓದಲಾಗದು, ಯುನಿಕೋಡ್ ಬಳಸಿ. ಒಂದು ಪ್ರತಿ ಬೇರೆ ಊರಿನ ಸಂಬಂಧಿಕರಲ್ಲಿರಲಿ.

ಇನ್ನು ಹೆಳವರು, ಅಂದರೆ ಊರೂರು ತಿರುಗಿ ಮನೆತನಗಳ ವಂಶಾವಳಿ ಹೇಳುವವರು. ಅವರು ಬಂದಾಗ ನಮ್ಮ ವಹಿ ತೋರಿಸದೆ ಮೊದಲು ಅವರ ಪಾಠ ಪೂರ್ತಿ ಕೇಳಿ, ಒಪ್ಪಿದರೆ ಧ್ವನಿ ಮುದ್ರಿಸಿ. ಕಾಗದ ಹೇಳಿದ್ದು ವಹಿಯಲ್ಲಿ ಶಾಯಿಯಲ್ಲಿರುತ್ತದೆ, ಬಾಯಿಮಾತು ಪೆನ್ಸಿಲ್‌ನಲ್ಲಿ. ಹೆಳವರು ಹೇಳಿದ ಹೆಸರು ಯಾವುದಾದರೂ ಉತಾರದಲ್ಲಿ ಕಂಡ ದಿನ ವಹಿಯಲ್ಲಿನ ಪೆನ್ಸಿಲ್ ಹೆಸರಿನ ಮೇಲೆ ಶಾಯಿ ತಿದ್ದಿ, ಪಕ್ಕದಲ್ಲಿ ಆ ಕಾಗದದ ನಂಬರು ಹಾಕುತ್ತೇನೆ.